ರೊಟ್ಟಿ ಹೇರಾಕ ಸೈಕಲ್ಲಿಗೆ ಏನ್ ಹಾಕ್ಸಲಿ: ಕ್ಯಾರಿಯರ್, ಜೋಡಿ ಚೀಲ, ಇಲ್ಲಾ ಟ್ರೇಲರ್?

ಖಡಕ್ ರೊಟ್ಟಿ, ಕೋಥ್ರೂಡ್

ನಮಸ್ಕಾರ್ರಿ. ನಾ ಧಾರವಾಡದಾಕಿ, ಪುಣೆಕ್ಕ ಬಂದು ಒಂಬತ್ತು ವರ್ಷ ಆತು. ಮನ್ಯಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಕೊಡ್ತೀನಿ. ವಾರಕ್ಕ ನಾಕು ದಿನ ಮುಂಜಾನೆ ಸೈಕಲ್ ಮ್ಯಾಲ ಹೊರಡ್ತೀನಿ. ಕರ್ವೆ ರಸ್ತೆ ಹಿಡದು ಗಣೇಶನಗರದ ಕನ್ನಡ ಶಾಲಿ ಕಡೆ ಎರಡು ಮನಿ, ಆಮ್ಯಾಲ ಮ್ಹಾತ್ರೆ ಪೂಲ್ ದಾಟಿ ಸದಾಶಿವ ಪೇಠ. ಶನಿವಾರ ಬಾವಧನ.

50 ರೊಟ್ಟಿ ಕಟ್ಟು ಎರಡೂವರೆ ಕಿಲೋ ತೂಗ್ತದ. ಅಂಥಾವು ನಾಕು, ಮ್ಯಾಲ ಹಿಂಡಿ, ಉಪ್ಪಿನಕಾಯಿ ಬಾಟ್ಲಿ ಸೇರಿ 18 ಕಿಲೋ. ಸೈಕಲ್ ಗೇರಿಂದು, 26 ಇಂಚಿನ ಗಾಲಿ, ಡಿಸ್ಕ್ ಬ್ರೇಕ್.

ಹೋದ ತಿಂಗಳು ಸೀಟಿನ ಪೈಪಿಗೆ ಬಿಗಿಯೋ ಕ್ಯಾರಿಯರ್ ಹಾಕ್ಸಿದ್ದೆ. ಅಂಗಡಿಯವ್ರು “ಎಷ್ಟ್ ಬೇಕಾದ್ರೂ ಹೇರ್ರಿ” ಅಂದಿದ್ರು. ನಳ ಸ್ಟಾಪ್ ಹತ್ರ ಒಂದು ಹಂಪ್ ಹಾರಿದ ಕೂಡ್ಲೆ ಕ್ಯಾರಿಯರ್ ಬಲಕ್ಕ ತಿರುಗಿ, ಡಬ್ಬಿ ರಸ್ತಾಕ್ಕ ಬಿತ್ತು. ಎರಡು ಕಟ್ಟು ರೊಟ್ಟಿ ಪುಡಿಪುಡಿ ಆದ್ವು. ಸದಾಶಿವ ಪೇಠದಾಗ ಒಬ್ರು ಅಜ್ಜಿ ಹಾದಿ ನೋಡ್ಕೋತ ಕೂತಿದ್ರು, ಅವ್ರ ಮನಿಗೆ ಬರಿಗೈಲೆ ಹೋದೆ. ಅದು ಇನ್ನೂ ಮನಸಿನ್ಯಾಗ ಕುಂತದ.

ಈಗ ಒಬ್ರು ಕ್ಯಾರಿಯರ್ ಎರಡೂ ಬದಿಗೆ ತೂಗಹಾಕೂ ಜೋಡಿ ಚೀಲ ಅಂತಾರ, ಇನ್ನೊಬ್ರು ಸೈಕಲ್ ಹಿಂದ ಟ್ರೇಲರ್ ಗಾಡಿ ಕಟ್ಟಿ ಜಗ್ರಿ ಅಂತಾರ. ರೊಕ್ಕ ಒಮ್ಮೆ ಹಾಕೀನಿ ಅಂದ್ರ ಮಳಿಗಾಲಕ್ಕೂ ಬಾಳಬೇಕು. ಹೇಳ್ರಿ.

ಬೆಳಗಾವಿ ಕಾಕಾ, ಹಡಪಸರ್

ಅಕ್ಕಾರ, ಮೊದಲ ಆ ಸೀಟ್ ಪೈಪಿನ ಕ್ಯಾರಿಯರ್ ತಗದು ಇಡ್ರಿ. ಅದು ಹಿಡಕೊಂಡಿರೂದು ಒಂದ ಕಡೆ. ಭಾರೆಲ್ಲಾ ಹಿಂದಕ್ಕ ತೂಗತೈತಿ, ಹಂಪ್ ಬಂದಾಗ ಕ್ಲಾಂಪ್ ಪೈಪಿನ ಸುತ್ತ ತಿರುಗತೈತಿ. ಅಂಥಾವು ಸಾಮಾನ್ಯಾಗಿ 10 ಕಿಲೋದ ಮ್ಯಾಲ ಹೇರೂವಲ್ಲ. ತಪ್ಪು ನಿಮ್ದಲ್ರಿ.

ನಿಮಗ ಬೇಕಾದ್ದು ಫ್ರೇಮಿಗೆ ನಾಕು ಕಡೆ ಬೋಲ್ಟ್ ಬೀಳೂ ಕ್ಯಾರಿಯರ್. ಎರಡು ಕಾಲು ಹಿಂದಿನ ಆಕ್ಸಲ್ ಹತ್ರ, ಎರಡು ಕೈ ಸೀಟಿನ ಕೆಳಗ. ಹಿಂತಾದ್ರ ಮ್ಯಾಲ ಎಷ್ಟು ಕಿಲೋ ಅಂತ ಕೊರದಿರತಾರ, ಬಾಳ ಮಾಡಿ 25. ನಿಮ್ಮ 18ಕ್ಕ ಅದು ಸಾಕು. ಡಿಸ್ಕ್ ಬ್ರೇಕ್ ಅಂದ್ರಿ, ಹಿಂದಿನ ಕ್ಯಾಲಿಪರ್, ಅಂದ್ರ ಡಿಸ್ಕ್ ಹಿಡಿಯೂ ಬ್ರೇಕಿನ ಭಾಗ, ಎಲ್ಲಿ ಐತಿ ಅಂತ ನೋಡ್ರಿ. ಕಾಲು ಬೀಳೂ ಜಾಗಾದಾಗ ಅದು ಕುಂತಿದ್ರ ಕಾಲು ಹೊರಗ ಬಾಗಿರೂ ಡಿಸ್ಕ್ ಕ್ಯಾರಿಯರ್ ಕೇಳಿ ತಗೋರಿ. ಸಾದಾದ್ದಕ್ಕ ವಾಷರ್ ಮ್ಯಾಲ ವಾಷರ್ ಇಟ್ಟು ಉದ್ದ ಬೋಲ್ಟ್ ಹಾಕಿ ಕೊಟ್ರ ಒಪ್ಪಬ್ಯಾಡ್ರಿ. ಬೋಲ್ಟ್ ಹೊರಗ ಚಾಚಿದಷ್ಟೂ ಭಾರಕ್ಕ ಬಾಗತೈತಿ, ಒಂದಿನ ಕಟ್ ಅಂತೈತಿ.

ಬೋಲ್ಟ್ ವಿಷಯ ಇನ್ನೊಂದ್ ಸ್ವಲ್ಪ ಹೇಳ್ತೀನಿ, ಯಾಕಂದ್ರ ಮಂದಿ ಇದನ್ನ ಬಿಡತಾರ. ಅವು 5 ಮಿ.ಮೀ. ಬೋಲ್ಟು, 4 ಮಿ.ಮೀ. ಅಲೆನ್ ಕೀ ಹತ್ತತೈತಿ. ನಮ್ಮ ರಸ್ತಾದ ಅದುರಿಗೆ ಅವು ತಾವ ಸಡ್ಲ ಆಗತಾವ. ಬೋಲ್ಟಿನ ಎಳೀಗೆ, ಸಡ್ಲ ಆಗದಂಗ ಹಿಡಿಯೂ ಅಂಟು ಅಂದ್ರ ನೀಲಿ ಲಾಕ್‌ಟೈಟ್ ಒಂದು ಹನಿ ಹಾಕ್ರಿ, ಮೊದಲ ವಾರ ದಿನಾ, ಆಮ್ಯಾಲ ತಿಂಗಳಿಗೊಮ್ಮೆ ಕೀ ಕೊಟ್ಟು ನೋಡ್ರಿ. ನಾ ಅಂಬೋಲಿ ಘಾಟ್ ಇಳದು ಸಾವಂತವಾಡಿಗೆ ಹೋಗೂವಾಗ ಒಂದು ಬೋಲ್ಟ್ ಉದುರಿದ್ದು ಗೊತ್ತ ಆಗಲಿಲ್ಲ. ಕ್ಯಾರಿಯರ್ ಕಾಲು ಕಡ್ಡ್ಯಾಗ ಸಿಕ್ಕೂದು ನಾಕು ಬೆರಳಿನಾಗ ತಪ್ಪಿತು. ಅವತ್ತಿಂದ ಚೀಲದಾಗ ಎರಡು ಬೋಲ್ಟ್ ಇದ್ದ ಇರತಾವ.

ಜೋಡಿ ಚೀಲ ತಗೋರಿ. ಬಾಟ್ಲಿ, ಹಿಂಡಿ ಎಲ್ಲಾ ಅದರ ತಳಕ್ಕ, ಎರಡೂ ಕಡೆ ಸರಿಸಮ ತೂಕ. ಭಾರ ಕೆಳಗ ಇದ್ರ ಸೈಕಲ್ ತೂರಾಡೂದಿಲ್ಲ. ತಗೊಳ್ಳೂಕಿಂತ ಮೊದಲ ಎರಡು ನೋಡ್ರಿ. ಪೆಡಲ್ ತುಳಿಯೂವಾಗ ಹಿಮ್ಮಡ ಚೀಲಕ್ಕ ಬಡಿಬಾರ್ದು, ಚೀಲ ಹಿಂದಕ್ಕ ಸರಸಾಕ ಬರಬೇಕು. ಚೀಲದ ಕೊಕ್ಕಿ ಕ್ಯಾರಿಯರ್ ಪೈಪಿಗೆ ಗಟ್ಟಿ ಕೂಡಬೇಕು. ಕೊಕ್ಕಿ ದೊಡ್ಡದು, ಪೈಪ್ ಸಣ್ಣದು ಆದ್ರ ಇಡೀ ದಿನ ಗಡಗಡ ಅಂತೈತಿ. ಮಳಿಗೆ ಬಾಯಿ ಸುತ್ತಿ ಮಡಚೂ ಚೀಲಾನ ಬೇಕು, ಹೊಲಿಗಿ ಇಲ್ಲದ, ಬೆಸೆದ ಅಂಚಿಂದು. ಜಿಪ್ ಇದ್ದದ್ದು ಜೂನ್‌ದಾಗ ನೀರು ಕುಡಿತೈತಿ.

ಹಂಗ, ಕೊಕ್ಕಿ ಇರೂ ರಬ್ಬರ್ ಹಗ್ಗ ಬ್ಯಾಡ. ಕೊಕ್ಕಿ ಕಳಚಿ ಗಾಲ್ಯಾಗ ಬಿದ್ರ ಗಾಲಿ ನಿಂತ ಬಿಡತೈತಿ.

ಅಂಕೋಲೆಯವ, ಮಡಗಾಂವ್

ಅಕ್ಕಾ, ಕಾಕಾ ಹೇಳಿದ್ದೆಲ್ಲ ಸರಿ. ಆದರೆ ರೊಟ್ಟಿಯನ್ನು ಚೀಲದೊಳಗೆ ಹಾಕಬೇಡಿ. ರೊಟ್ಟಿ ಅಗಲ, ಚೀಲ ಇಕ್ಕಟ್ಟು, ಅಂಚು ಮುರಿಯುತ್ತದೆ.

ನಮ್ಮ ಗೋವಾದ ಪೊದೇರ್‌ಗಳನ್ನು ನೋಡಿ. ಬೆಳಗಾಗುವ ಮೊದಲೇ ಹಾರ್ನ್ ಊದುತ್ತ ಪಾವ್ ಮಾರಿಕೊಂಡು ಬರುವವರು. ಅವರ ಸೈಕಲ್ಲಿನ ಹಿಂದೆ ಅಗಲವಾದ ಬಿದಿರು ಬುಟ್ಟಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಹಗುರಾದ, ಒತ್ತಡ ತಾಳದ ಸಾಮಾನು ಮೇಲಿದ್ದರೆ ತೊಂದರೆಯಿಲ್ಲ, ಭಾರದ್ದು ಮಾತ್ರ ಮೇಲೆ ಹೋಗಬಾರದು. ನಮ್ಮ ಬೀದಿಗೆ ಬರುವವರು ಬುಟ್ಟಿಯ ತಳವನ್ನು ಹಳೆ ಟ್ಯೂಬ್ ಸೀಳಿ ಕಟ್ಟಿದ್ದಾರೆ. ಮುಟ್ಟಿ ನೋಡಿದೆ, ಬೆರಳಷ್ಟೂ ಅಲ್ಲಾಡಲಿಲ್ಲ. ಟ್ಯೂಬ್ ಎಳೆದು ಕಟ್ಟಿದರೆ ಸರಿಯುವುದಿಲ್ಲ, ಅದಕ್ಕೆ ಕೊಕ್ಕಿಯೂ ಇಲ್ಲ.

ನೀವು ಗಟ್ಟಿ ಪ್ಲಾಸ್ಟಿಕ್ ಕ್ರೇಟ್ ಇಟ್ಟು, ತಳಕ್ಕೆ ಫೋಮ್ ಹಾಕಿ, ರೊಟ್ಟಿ ಕಟ್ಟನ್ನು ಮಲಗಿಸಿ. ಸಂದಿಗೆ ಹಳೆ ಸೀರೆ ತುರುಕಿ. ಅಲ್ಲಾಡದಿದ್ದರೆ ಮುರಿಯುವುದಿಲ್ಲ.

ಡೊಂಬಿವಲಿ ಕ್ಯಾಂಟೀನ್

ಟ್ರೇಲರ್ ನಾನು ಎರಡು ವರ್ಷ ಎಳೆದಿದ್ದೇನೆ ಮಾರಾಯ್ರೆ, ಎರಡು ಚಕ್ರದ್ದು. 40 ಕಿಲೋ ತರಕಾರಿಗೆ ಅದು ದೊಡ್ಡ ಉಪಕಾರ, ಸೈಕಲ್ಲಿನ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ. ಆದರೆ ತಿರುವಿನಲ್ಲಿ ಒಳಗಿನ ಚಕ್ರ ಮೂಲೆ ಕತ್ತರಿಸಿಕೊಂಡು ಬರುತ್ತದೆ. ಒಂದು ಚಕ್ರ ಮಾತ್ರ ಕಲ್ಲಿನ ಮೇಲೆ ಹತ್ತಿದರೆ ಮಗುಚುತ್ತದೆ. ಪೇಠೆಯ ಓಣಿಯಲ್ಲಿ ರಿಕ್ಷಾದ ನಡುವೆ ಅದನ್ನು ಹಿಂದೆ ತಳ್ಳುವುದು ಇನ್ನೂ ಕಷ್ಟ. ರಾತ್ರಿ ನಿಲ್ಲಿಸಲು ಸೊಸೈಟಿಯಲ್ಲಿ ಜಾಗವೂ ಬೇಕು. 18 ಕಿಲೋಗೆ ಖಂಡಿತ ಬೇಡ.

ಅದರ ದುಡ್ಡಿನಲ್ಲಿ ಎರಡು ಕಾಲಿನ ಸ್ಟ್ಯಾಂಡ್ ಹಾಕಿಸಿ. ಒಂಟಿ ಸ್ಟ್ಯಾಂಡಿನ ಮೇಲೆ ಒಂದು ಕಡೆಯ ಚೀಲ ತೆಗೆದ ಕೂಡಲೇ ಸೈಕಲ್ ಬೀಳುತ್ತದೆ. ಮತ್ತೆ ಬಾವಧನದಿಂದ ಚಾಂದನಿ ಚೌಕ ದಾಟಿ ಕೋಥ್ರೂಡಿಗೆ ಇಳಿಯುವಾಗ ಭಾರ ಇದ್ದರೆ ಬ್ರೇಕ್ ಬೇಗ ಹಿಡಿಯಿರಿ, ಹಿಂದಿನ ಟಯರಿಗೆ ಗಾಳಿ ಸ್ವಲ್ಪ ಹೆಚ್ಚು ಹಾಕಿ.

ಖಡಕ್ ರೊಟ್ಟಿ, ಕೋಥ್ರೂಡ್

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಕಾಕಾ, ಈಗ ಕೆಳಗ ಹೋಗಿ ನೋಡ್ಬಂದೆ. ಕ್ಯಾಲಿಪರ್ ಫ್ರೇಮಿನ ಕೆಳಗಿನ ಪೈಪಿನ ಮ್ಯಾಲ, ಮೂಲ್ಯಾಗ ಒಳಗ ಕುಂತದ, ಬೋಲ್ಟಿನ ತೂತಿಗೆ ಅಡ್ಡ ಇಲ್ಲ. ಅಂದ್ರ ಸಾದಾ ಕ್ಯಾರಿಯರ್ ನಡೀತದ, ಹೌದಲ್ಲ?

ನೆಲದ ಮ್ಯಾಲ ಕ್ರೇಟ್ ಇಟ್ಟು ರೊಟ್ಟಿ ಕಟ್ಟು ಹಾಕಿ ನೋಡಿದೆ. ಎರಡರ ಮ್ಯಾಲ ಎರಡು ಸರಿಯಾಗಿ ಕೂಡ್ತಾವ, ಬದಿಗೆ ಮೂರು ಬೆರಳು ಸಂದಿ ಉಳೀತದ. ಅದಕ್ಕ ಸೀರಿ ಅದ. ಸೋಮವಾರ ಕ್ಯಾರಿಯರ್ ಹಾಕ್ಸಿ, ಮೊದಲ ಆ ಅಜ್ಜಿ ಮನಿಗೇ ಹೋಗ್ತೀನಿ.