ಅಡಿಕೆ ಜಗಿಯುವ ಬಾಯಿ ಏಕೆ ಬಿಗಿಯುತ್ತದೆ? ಬಾಯಿ ರೋಗಗಳ ತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸಾಗರ ತಾಲ್ಲೂಕಿನಿಂದ):
ಡಾಕ್ಟರೇ, ನಮಸ್ಕಾರ. ನನ್ನ ತಮ್ಮನಿಗೆ ಇಪ್ಪತ್ತನಾಲ್ಕು ವರ್ಷ. ತಂಬಾಕು ಮುಟ್ಟುವುದಿಲ್ಲ. ಆದರೆ ಕಾಲೇಜಿಗೆ ಸೇರಿದಂದಿನಿಂದ ಸಿಹಿ ಅಡಿಕೆಪುಡಿಯ ಪೊಟ್ಟಣ ಜೇಬಿನಲ್ಲಿ ಇದ್ದೇ ಇರುತ್ತದೆ. ದಿನಕ್ಕೆ ಎಂಟು ಹತ್ತು ಖಾಲಿಯಾಗುತ್ತವೆ. ಮೂರು ತಿಂಗಳಿನಿಂದ ಸಾರು ಅನ್ನ ಉಂಡರೂ ಬಾಯಿ ಉರಿ ಎನ್ನುತ್ತಾನೆ. ಮೊನ್ನೆ ಹಬ್ಬದಲ್ಲಿ ಲಾಡು ಕಚ್ಚಲು ಬಾಯಿ ಸಾಲದೆ ಪುಡಿ ಮಾಡಿಕೊಂಡು ತಿಂದ. ಬಿ ಜೀವಸತ್ವದ ಮಾತ್ರೆ ತೆಗೆದುಕೊಂಡರೂ ಗುಣವಿಲ್ಲ. ನಮ್ಮ ಅಜ್ಜಿ ಬದುಕಿಡೀ ಕವಳ ಹಾಕಿದರು, ಎಂಬತ್ತೆರಡು ವರ್ಷ ಬಾಳಿದರು. ಇವನಿಗೇಕೆ ಹೀಗೆ?

ಉತ್ತರ:
ಮೊದಲು ಒಂದು ಕೆಲಸ ಮಾಡಿ. ತಮ್ಮನಿಗೆ ಬಾಯಿ ಪೂರ್ತಿ ತೆರೆಯಲು ಹೇಳಿ, ಅವನದೇ ಕೈಯ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಲು ಹೇಳಿ. ಸಾಮಾನ್ಯವಾಗಿ ಮೂರೂ ಹಿಡಿಸಬೇಕು. ಜೊತೆಗೆ ಸಿಳ್ಳೆ ಹಾಕಲು, ಕೆನ್ನೆ ಉಬ್ಬಿಸಲು, ನಾಲಿಗೆಯನ್ನು ಚೆನ್ನಾಗಿ ಹೊರಗೆ ಚಾಚಲು ಹೇಳಿ. ಕೆನ್ನೆಯ ಒಳಬದಿ ಅಮೃತಶಿಲೆಯಂತೆ ಬಿಳಿಚಿದೆಯೇ, ಬೆರಳಾಡಿಸಿದರೆ ಹಗ್ಗದಂಥ ಪಟ್ಟಿ ಸಿಗುತ್ತದೆಯೇ ನೋಡಿ. ಏನು ಕಂಡಿತೆಂದು ಇಲ್ಲಿಯೇ ಬರೆಯಿರಿ.

ನೀವು ಹೇಳಿದ ಲಕ್ಷಣಗಳು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ರೋಗದತ್ತ ಬೆರಳು ತೋರುತ್ತವೆ. ಬಾಯಿಯ ತೆಳು ಪೊರೆಯ ಅಡಿಯಲ್ಲಿ ನಾರು ಬೆಳೆದು ಬಿಗಿಯುವುದು ಇದರ ಗುಣ. 1952ರಲ್ಲಿ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಐವರು ಮಹಿಳೆಯರಲ್ಲಿ ಇದನ್ನು ಗುರುತಿಸಿ ಬರೆದರು. ಮರುವರ್ಷ ಭಾರತದಲ್ಲಿಯೂ ವರದಿಯಾಯಿತು. ಊರು ಬದಲಾದರೂ ಜಗಿಯುವ ವಸ್ತು ಬದಲಾಗಿರಲಿಲ್ಲ.

ಅಡಿಕೆಯಲ್ಲಿ ಮುಖ್ಯವಾಗಿ ನಾಲ್ಕು ಆಲ್ಕಲಾಯ್ಡ್‌ಗಳಿವೆ, ಅಂದರೆ ಮೈಮೇಲೆ ಪರಿಣಾಮ ಬೀರುವ ಸಸ್ಯ ರಾಸಾಯನಿಕಗಳು: ಅರೆಕೋಲಿನ್, ಅರೆಕೈಡಿನ್, ಗುವಾಕೋಲಿನ್, ಗುವಾಸಿನ್. ಇವುಗಳಲ್ಲಿ ಅರೆಕೋಲಿನ್ನಿನದೇ ಹೆಚ್ಚಿನ ಪಾಲು. ಹೊಸಬರು ಅಡಿಕೆ ಹಾಕಿದಾಗ ಮೈ ಬಿಸಿಯಾಗಿ, ಬೆವರಿ, ಬಾಯಲ್ಲಿ ನೀರೂರಿ ತಲೆ ತಿರುಗುತ್ತದೆಯಲ್ಲ, ‘ಅಡಿಕೆ ಸೊಕ್ಕಿತು’ ಎನ್ನುತ್ತೇವೆ. ಅದು ಈ ಅರೆಕೋಲಿನ್ನಿನ ಕೆಲಸವೇ. ಸುಣ್ಣ ಸೇರಿದಾಗ ಅದರ ಒಂದು ಭಾಗ ಅರೆಕೈಡಿನ್ ಆಗಿ ಬದಲಾಗುತ್ತದೆ. ಈ ವಸ್ತುಗಳು ಕೆನ್ನೆಯ ಒಳಗಿನ ಜೀವಕೋಶಗಳಿಗೆ ಕೊಲಾಜೆನ್ ನಾರನ್ನು ಅತಿಯಾಗಿ ನೇಯುವಂತೆ ಪ್ರಚೋದನೆ ನೀಡುತ್ತವೆ. ಅಡಿಕೆಯಲ್ಲಿರುವ ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಒಗರು ಕೊಡುವ ಟ್ಯಾನಿನ್ ಅವನ್ನು ಕರಗದಂತೆ ಗಟ್ಟಿ ಮಾಡುತ್ತದೆ. ಚರ್ಮ ಹದ ಮಾಡುವವರು ಟ್ಯಾನಿನ್ ಬಳಸುವುದೂ ಇದೇ ಗುಣಕ್ಕಾಗಿ. ಹೊಸ ನಾರು ಬೆಳೆಯುತ್ತಲೇ ಇರುತ್ತದೆ, ಹಳೆಯದು ಕರಗುವುದಿಲ್ಲ.

ಅಜ್ಜಿಯ ಕವಳದಲ್ಲಿ ಎಲೆ ಇತ್ತು, ಅಡಿಕೆ ಒಂದೆರಡು ಹೋಳು ಇತ್ತು, ಊಟವಾದ ಮೇಲೆ ಹಾಕಿ ಉಗುಳುತ್ತಿದ್ದರು. ಪೊಟ್ಟಣದಲ್ಲಿ ಎಲೆಯಿಲ್ಲ, ಒಣ ಅಡಿಕೆಯದೇ ತೂಕ. ಪುಡಿ ಬೇಗ ರಸ ಬಿಡುತ್ತದೆ, ಸಿಹಿಯಾದ್ದರಿಂದ ನುಂಗುತ್ತಾರೆ, ಗಂಟೆಗೊಂದು ಹರಿಯುತ್ತಾರೆ. ಎಲೆಯಡಿಕೆ ಹಾಕುವವರಿಗಿಂತ ಪೊಟ್ಟಣ ತಿನ್ನುವವರಲ್ಲಿ ಈ ರೋಗ ಬೇಗ ಕಾಣಿಸಿಕೊಳ್ಳುತ್ತದೆ ಎಂದು ಭಾರತದ ಅಧ್ಯಯನಗಳೇ ತೋರಿಸಿವೆ. ಹಾಗೆಂದು ಅಜ್ಜಿಯ ಕವಳ ನಿರಪಾಯ ಎಂದು ನಾನು ಹೇಳಲಾರೆ. ಅಂಥ ಕವಳ ಹಾಕಿ ಅರವತ್ತಕ್ಕೇ ಕೆನ್ನೆಯ ಹುಣ್ಣು ಹೊತ್ತು ಬಂದವರಿಗೂ ನಾನು ಚಿಕಿತ್ಸೆ ಕೊಟ್ಟಿದ್ದೇನೆ.

ಪ್ರಶ್ನೆ (ಚನ್ನಗಿರಿಯ ಬೆಳೆಗಾರರು):
ಮೇಡಂ, ನೀವು ತಂಬಾಕಿನ ತಪ್ಪನ್ನು ಅಡಿಕೆಯ ತಲೆಗೆ ಕಟ್ಟುತ್ತಿದ್ದೀರಿ ಎನಿಸುತ್ತದೆ. ಅಡಿಕೆ ಔಷಧಿ ಎಂದು ಹಿರಿಯರು ಹೇಳಿದ್ದಾರೆ, ಅರೆಕೋಲಿನ್ ಮೇಲೆ ಸಂಶೋಧನೆಗಳೂ ನಡೆದಿವೆ. ಅಡಿಕೆ ಅಗಿದರೆ ಹಲ್ಲು ಗಟ್ಟಿ ಎನ್ನುತ್ತಾರೆ. ನಾವು ಅಡಿಕೆಯನ್ನು ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸದಲ್ಲಿ, ಬೇಯಿಸಿಯೇ ಮಾರುತ್ತೇವೆ.

ಉತ್ತರ:
ಯಜಮಾನರೇ, ನಾನೂ ಅಡಿಕೆ ತೋಟದ ಮನೆಯ ಮಗಳು. ಕೊಯ್ಲಿನ ರಾತ್ರಿಗಳಲ್ಲಿ ಸುಲಿಯುವವರ ನಡುವೆ ಕುಳಿತು ಬೆಳೆದವಳು, ಆ ಅಡಿಕೆಯ ಹಣದಲ್ಲಿಯೇ ಓದಿದವಳು. ಆದ್ದರಿಂದ ಇದನ್ನು ಹಗುರವಾಗಿ ಬರೆಯುತ್ತಿಲ್ಲ.

ತಂಬಾಕಿಲ್ಲದ ಎಲೆಯಡಿಕೆಯನ್ನೂ ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿ ಪರಿಶೀಲಿಸಿ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಒಂದನೇ ಗುಂಪಿಗೆ ಸೇರಿಸಿತು. ಕೇರಳದಲ್ಲಿ ಫೈಬ್ರೋಸಿಸ್ ಇದ್ದವರನ್ನು 17 ವರ್ಷ ಹಿಂಬಾಲಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 7.6ರಷ್ಟು ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ತಂಬಾಕು ಸೇರಿದರೆ ಅಪಾಯ ಇನ್ನೂ ಏರುತ್ತದೆ, ನಿಜ. ಆದರೆ ಬಾಯಿ ಬಿಗಿಯುವ ಈ ರೋಗಕ್ಕೆ ಮುಖ್ಯ ಕಾರಣ ಅಡಿಕೆಯೇ.

ಔಷಧಿಯ ಮಾತೂ ಸುಳ್ಳಲ್ಲ. ನಾಯಿಗಳ ಲಾಡಿಹುಳು ತೆಗೆಯಲು ಪಶುವೈದ್ಯರು ದಶಕಗಳ ಕಾಲ ಅರೆಕೋಲಿನ್ ಬಳಸಿದರು. ಮರೆವಿನ ಕಾಯಿಲೆಗೆ ಒದಗೀತೇ ಎಂದೂ ಪರೀಕ್ಷಿಸಿದರು. ಪರಿಣಾಮ ಬಹಳ ಹೊತ್ತು ನಿಲ್ಲಲಿಲ್ಲ, ಅಡ್ಡ ಪರಿಣಾಮಗಳು ಕಾಡಿದವು. ಔಷಧಿಯೆಂದರೆ ಅಳೆದ ಪ್ರಮಾಣ, ನಿಗದಿಯಾದ ದಿನಗಳು. ವರ್ಷಗಟ್ಟಲೆ ದಿನಕ್ಕೆ ಹತ್ತು ಬಾರಿ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳುವುದು ಬೇರೆ.

ಹಲ್ಲಿನ ವಿಷಯಕ್ಕೆ ಬಂದರೆ, ನಾನು ನೋಡುವುದು ಸವೆದು ಚಪ್ಪಟೆಯಾದ ದವಡೆ ಹಲ್ಲುಗಳನ್ನು, ಗಟ್ಟಿ ಅಡಿಕೆ ಕಡಿದು ಬಿರುಕು ಬಿಟ್ಟವನ್ನು, ತಣ್ಣೀರು ತಾಗಿದರೆ ಜುಮ್ಮೆನ್ನುವ ಬೇರುಗಳನ್ನು. ಬಾಯಿ ಬಿಗಿದ ಮೇಲಂತೂ ಬ್ರಷ್ ಹಿಂದಿನ ಹಲ್ಲಿಗೆ ತಲುಪುವುದಿಲ್ಲ, ಹುಳುಕು ತೆಗೆಯಲು ನಮ್ಮ ಉಪಕರಣವೂ ಹೋಗುವುದಿಲ್ಲ.

ಬೇಯಿಸುವಾಗ ಆಲ್ಕಲಾಯ್ಡ್ ಮತ್ತು ಟ್ಯಾನಿನ್ ಸ್ವಲ್ಪ ಚೊಗರಿಗೆ ಇಳಿಯುತ್ತವೆ. ಉಳಿದದ್ದೇ ಹಾನಿಗೆ ಸಾಕಷ್ಟು. ಚೊಗರಿನಲ್ಲಿ ಕೈಮಗ್ಗದ ನೂಲಿಗೆ ಎಂಥ ಚೆಂದದ ಬಣ್ಣ ಬರುತ್ತದೆ ನೋಡಿದ್ದೀರಲ್ಲ. ಅಡಿಕೆಗೆ ಅಂಥ ದಾರಿಗಳನ್ನು ಹುಡುಕುವ ಸಂಶೋಧನೆಗೆ ಬೆಳೆಗಾರರೇ ಒತ್ತಾಯಿಸಬೇಕೆಂಬುದು ನನ್ನ ಆಸೆ.

ಪ್ರಶ್ನೆ (ದಾವಣಗೆರೆಯಿಂದ):
ನಮ್ಮ ತಂದೆಯವರಿಗೆ ಕೆನ್ನೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿದು ಐದು ತಿಂಗಳಾಯಿತು. ಬಾಯಿ ಒಣಗಿ ರಾತ್ರಿ ನಿದ್ದೆಯಿಲ್ಲ, ರೊಟ್ಟಿ ನುಂಗಲಾಗುವುದಿಲ್ಲ. ಗಿಡಮೂಲಿಕೆಯ ಮದ್ದೇನಾದರೂ ಇದೆಯೇ?

ಉತ್ತರ:
ಇದೆ, ಮತ್ತು ಅದೂ ಒಂದು ಆಲ್ಕಲಾಯ್ಡ್. ಬ್ರೆಜಿಲ್‌ನ ಜಬೊರಾಂಡಿ ಎಂಬ ಪೊದೆಯ ಎಲೆ ಅಗಿದರೆ ಜೊಲ್ಲು ಸುರಿಯುವುದನ್ನು ಅಲ್ಲಿಯ ಜನ ಬಲ್ಲರು. ಅದರಿಂದ 1875ರಲ್ಲಿ ಪೈಲೋಕಾರ್ಪಿನ್ ಅನ್ನು ಬೇರ್ಪಡಿಸಿದರು. 1994ರಲ್ಲಿ ಅಮೆರಿಕ ಇದನ್ನು ವಿಕಿರಣದ ನಂತರದ ಒಣಬಾಯಿಗೆ ಮಾತ್ರೆಯಾಗಿ ಒಪ್ಪಿತು. ಅರೆಕೋಲಿನ್ ಜೊಲ್ಲು ಸುರಿಸುವ ಲಾಲಾಗ್ರಂಥಿಯ ಯಾವ ಬಗೆಯ ಗ್ರಾಹಕಗಳನ್ನು (ಜೀವಕೋಶಗಳು ರಾಸಾಯನಿಕ ಸಂದೇಶ ಹಿಡಿಯುವ ತಾಣಗಳನ್ನು) ತಟ್ಟುತ್ತದೆಯೋ ಇದೂ ಅವನ್ನೇ ತಟ್ಟುತ್ತದೆ. ಗ್ರಂಥಿಯಲ್ಲಿ ಸ್ವಲ್ಪವಾದರೂ ಜೀವ ಉಳಿದಿದ್ದರೆ ಮಾತ್ರ ಫಲ. ತಂದೆಯವರಿಗೆ ಉಬ್ಬಸವೋ ಕೆಲವು ಬಗೆಯ ಗ್ಲಾಕೋಮವೋ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ ಕೊಡುವಂತಿಲ್ಲ, ಹೃದಯದ ತೊಂದರೆಯಿದ್ದರೂ ಮೊದಲೇ ತಿಳಿಸಬೇಕು. ಆದ್ದರಿಂದ ಅವರ ವೈದ್ಯರನ್ನೇ ಕೇಳಿ.

ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬಹಳ ಬೇಗ ಹುಳುಕಾಗುತ್ತದೆ. ಹೆಚ್ಚು ಫ್ಲೋರೈಡ್ ಇರುವ ಪೇಸ್ಟನ್ನು ದಂತವೈದ್ಯರಿಂದ ಬರೆಸಿಕೊಳ್ಳಿ. ವಿಕಿರಣ ಬಿದ್ದ ದವಡೆಯ ಹಲ್ಲನ್ನು ಕ್ಯಾನ್ಸರ್ ವೈದ್ಯರನ್ನು ಕೇಳದೆ ಕೀಳಿಸಲೇಬೇಡಿ. ಎಲುಬು ಮಾಯದೆ ಕೊಳೆಯುವ ಅಪಾಯವಿದೆ. ಯಾರಾದರೂ ಉಮ್ಮತ್ತಿ ಬೀಜದ ಹೊಗೆ ಹಾಕಿಸಿ ಎಂದರೆ ಒಪ್ಪಬೇಡಿ. ಉಮ್ಮತ್ತಿಯ ಆಟ್ರೊಪಿನ್ ಜೊಲ್ಲನ್ನು ಇನ್ನಷ್ಟು ಒಣಗಿಸುತ್ತದೆ, ಹೆಚ್ಚಾದರೆ ಜೀವಕ್ಕೇ ಎರವಾಗುತ್ತದೆ.

ಪ್ರಶ್ನೆ (ಸಾಗರದ ಅಕ್ಕ, ಮತ್ತೆ):
ಡಾಕ್ಟರೇ, ನೋಡಿದೆವು. ಎರಡು ಬೆರಳು ಹಿಡಿಸುತ್ತವೆ, ಮೂರನೆಯದು ಹೋಗುವುದಿಲ್ಲ. ಸಿಳ್ಳೆ ಬರುವುದಿಲ್ಲ. ಬಿಡುತ್ತೇನೆ ಎನ್ನುತ್ತಾನೆ, ಸಂಜೆಗೆ ಮತ್ತೆ ಪೊಟ್ಟಣ. ಗುಣವಾಗುತ್ತದೆಯೇ?

ಉತ್ತರ:
ಬೆಳೆದ ನಾರು ಪೂರ್ತಿ ಕರಗುವುದಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಅಡಿಕೆ ನಿಲ್ಲಿಸಿದರೆ ಉರಿ ಇಳಿಯುವ, ಬಾಯಿ ಇನ್ನಷ್ಟು ಬಿಗಿಯದಿರುವ ಸಾಧ್ಯತೆ ಚೆನ್ನಾಗಿದೆ. ನಿಲ್ಲಿಸದಿದ್ದರೆ ನಮ್ಮ ಯಾವ ಚುಚ್ಚುಮದ್ದೂ ನಿಲ್ಲದು.

ಅವನನ್ನು ಬೈಯಬೇಡಿ. ಅರೆಕೋಲಿನ್ ನಿಕೋಟಿನ್ ಹಿಡಿಯುವ ಗ್ರಾಹಕಗಳ ಮೇಲೂ ಕೆಲಸ ಮಾಡುತ್ತದೆ ಎಂದು 2015ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ತಂಬಾಕಿಲ್ಲದಿದ್ದರೂ ಇದು ಚಟವೇ. ಬಿಡುವಾಗ ಸಿಡುಕು, ಚಡಪಡಿಕೆ ಇರುತ್ತದೆ. ಜೇಬಿನಲ್ಲಿ ಏಲಕ್ಕಿಯನ್ನೋ ಸೋಂಪನ್ನೋ ಇಡಿ, ತಂಬಾಕು ಬಿಡಿಸುವ ಆಪ್ತಸಮಾಲೋಚನೆಗೆ ಅವನನ್ನೂ ಕರೆದೊಯ್ಯಿರಿ.

ಈ ವಾರವೇ ದಂತ ಕಾಲೇಜೊಂದರ ಓರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ. ಬಾಯಿಯ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದಿಡುತ್ತಾರೆ. ಅನುಮಾನದ ಜಾಗವಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಅದಕ್ಕೆ ಹೆದರಬೇಡಿ. ಕೆನ್ನೆಗೆ ಸ್ಟೀರಾಯ್ಡ್ ಮತ್ತು ಹಯಲುರೊನಿಡೇಸ್ ಎಂಬ ಕಿಣ್ವದ ಚುಚ್ಚುಮದ್ದು ಕೊಡಬಹುದು. ಮನೆಯಲ್ಲಿ ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಬಾಯಿ ಹಿಗ್ಗಿಸುವ ವ್ಯಾಯಾಮವನ್ನೂ ಕಲಿಸುತ್ತಾರೆ. ಇಂದು ಎಷ್ಟು ಕಡ್ಡಿ ಹಿಡಿಸಿದವು ಎಂದು ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ನಿಮ್ಮದಾಗಲಿ. ತಿಂಗಳ ನಂತರ ಆ ಎಣಿಕೆಯನ್ನು ನನಗೆ ತಿಳಿಸಿ.