‘ಜೌಗುಪ್ರದೇಶಕ್ಕೆ ಎಂಜಿನಿಯರ್ ನೇಮಕಾತಿ’: ಈ ತಲೆಬರಹ ಸರಿಯೇ?

ಪ್ರಶ್ನೆ (ದಾವಣಗೆರೆ): ಕೆರೆ ಯೋಜನೆಯೊಂದರ ಪ್ರಕಟಣೆಗೆ ‘ಸಾರ್ವಜನಿಕ ಜೌಗುಪ್ರದೇಶ ಮೂಲಸೌಕರ್ಯಕ್ಕೆ ಅಭಿಯಂತರರು ಹಾಗೂ ವಿನ್ಯಾಸಕಾರರ ನೇಮಕಾತಿ’ ಎಂಬ ಕರಡು ಬಂದಿದೆ. ಒಪ್ಪಬಹುದೇ? ಬಲ್ಲವರು ತಿಳಿಸಿ.

ಉತ್ತರ (ಚಿತ್ರದುರ್ಗ): ಬೇಡ ಸರ್. ‘ನೇಮಕಾತಿ’ ಸಂಬಳದ ಹುದ್ದೆಯ ಮಾತು. ಬಯೋಡೇಟಾಗಳ ರಾಶಿ ಬೀಳುತ್ತದೆ, ಸಂಸ್ಥೆಗಳ ಪ್ರಸ್ತಾವ ಬರುವುದಿಲ್ಲ. ನಿಮಗೆ ಬೇಕಿರುವುದು ಸರ್ವೆ ಮಾಡಿ ಡಿಪಿಆರ್ (ವಿಸ್ತೃತ ಯೋಜನಾ ವರದಿ), ಅಂದಾಜುಪಟ್ಟಿ ಕೊಡುವ ಸಮಾಲೋಚಕರ ‘ಆಯ್ಕೆ’. ‘ಗುತ್ತಿಗೆದಾರ’ ಎಂದೂ ಬರೆಯಬೇಡಿ. ಡಿಪಿಆರ್ ಮಾಡಿದವರು ಅದೇ ಕಾಮಗಾರಿಯ ಟೆಂಡರ್ ಹಾಕಬಾರದೆಂಬ ಷರತ್ತು ಇರಬೇಕು. ಎರಡು ಪದ ಕಲಸಿದರೆ ಷರತ್ತು ಯಾರಿಗೆ ಎಂಬುದೇ ತಿಳಿಯದು.

ಅಭ್ಯಾಸಬಲದಿಂದ ‘ಕನಿಷ್ಠ ದರ ನಮೂದಿಸಿದವರಿಗೆ’ ಎಂಬ ಸಾಲೂ ನುಸುಳುತ್ತದೆ, ನೋಡಿಕೊಳ್ಳಿ. ತಾಂತ್ರಿಕ ಅಂಕಕ್ಕೆ 80, ದರಕ್ಕೆ 20 ತೂಕ ಇಟ್ಟಿದ್ದೀರಿ ಎನ್ನೋಣ. 85 ಅಂಕ ಪಡೆದು 12 ಲಕ್ಷ ಕೇಳಿದವರಿಗೆ 68 + 16.67 (ಕಡಿಮೆ ದರಕ್ಕೆ ಪೂರ್ಣ 20 ಎಂದಾದರೆ 20 × 10/12) = 84.67; 75 ಅಂಕ, 10 ಲಕ್ಷದವರಿಗೆ 60 + 20 = 80. ಆ ಒಂದು ಸಾಲು ಉಳಿದರೆ ಎರಡನೆಯವರು ತಕರಾರು ಎತ್ತುತ್ತಾರೆ, ಎತ್ತಲೇಬೇಕು.

ನಿಜವಾದ ಅಪಾಯ ‘ಜೌಗು’ ಪದದ್ದು. ಭದ್ರಾ ಅಚ್ಚುಕಟ್ಟಿನ ರೈತರಿಗೆ ಜೌಗು ಎಂದರೆ ನೀರು ನಿಂತು ಕೆಟ್ಟ ಗದ್ದೆ, ಬಸಿಗಾಲುವೆ ತೋಡಿ ಒಣಗಿಸಬೇಕಾದ ನೆಲ. ನೀರು, ಹಕ್ಕಿ ಉಳಿಸುವ ಯೋಜನೆಗೆ ಇದು ತದ್ವಿರುದ್ಧ. ‘ತೇವಭೂಮಿ’ (ವೆಟ್‌ಲ್ಯಾಂಡ್) ಎಂದರೂ ಕಾನೂನಿನ ತೊಡಕಿದೆ: 2017ರ ಕೇಂದ್ರದ ತೇವಭೂಮಿ ನಿಯಮಗಳು ನೀರಾವರಿಗೆ, ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಹೆಚ್ಚಿನವು ಅಂಥ ಕಟ್ಟಿದ ಕೆರೆಗಳೇ. ಆದ್ದರಿಂದ ತಲೆಬರಹದಲ್ಲಿ ‘ಕೆರೆ’ ಸಾಕು. ಕೆರೆಯಂಚಿನ ಆಳವಿಲ್ಲದ ನೀರು, ಜೊಂಡು, ಹಕ್ಕಿಗಳು ಮೇಯುವ ಕೆಸರು ಉಳಿಯಬೇಕೆಂಬುದನ್ನು ಕೆಲಸದ ವಿವರದಲ್ಲಿ ಬಿಡಿಸಿ ಬರೆಯಿರಿ. ಬರೆಯದಿದ್ದರೆ ಹೂಳೆತ್ತುವ ನಕ್ಷೆಯಲ್ಲಿ ಅಂಚನ್ನು ಕಡಿದಾಗಿ ಕೊರೆದು, ಸುತ್ತ ಕಲ್ಲು ಹೊದಿಸಿ ಇಡೀ ಕೆರೆಯನ್ನು ಬೋಗುಣಿ ಮಾಡಿರುತ್ತಾರೆ.

‘ಮೂಲಸೌಕರ್ಯ’ವೂ ಜಾಳು, ಅದರೊಳಗೆ ಕಾರಂಜಿ, ವಾಕಿಂಗ್ ಪಾತ್ ಎಲ್ಲ ತೂರುತ್ತವೆ. ಏರಿ, ತೂಬು, ಕೋಡಿ, ಕೆರೆಯಂಗಳ, ಕೆರೆಗೆ ನೀರು ತರುವ ಹಳ್ಳ ಎಂದು ಹೆಸರಿಸಿ. ಈಗಿನ ಕೋಡಿಮಟ್ಟವನ್ನೂ ನಮೂದಿಸಿ: ಅದನ್ನು ಒಂದಡಿ ಎತ್ತರಿಸಿದರೂ ಹಿನ್ನೀರಿನ ಜಮೀನು ಮುಳುಗಿ ಪರಿಹಾರದ ಪ್ರಶ್ನೆ ಏಳುತ್ತದೆ. ಇನ್ನು ‘ವಿನ್ಯಾಸ’ ಮತ್ತು ‘ನಕ್ಷೆ’ ಎರಡನ್ನೂ ಕೇಳಿ. ನಕ್ಷೆ ಮಾತ್ರ ಕೇಳಿದರೆ ಗರಿಷ್ಠ ಪ್ರವಾಹಕ್ಕೆ ಕೋಡಿ ಎಷ್ಟುದ್ದ ಬೇಕೆಂಬ ಲೆಕ್ಕ ಕೈಗೆ ಸಿಗದು.

‘ಅಭಿಯಂತರ’ ನಾಮಫಲಕಕ್ಕೆ ಇರಲಿ, ಇಲ್ಲಿ ಎಂಜಿನಿಯರ್ ಸಾಕು. ನನ್ನ ಸಲಹೆ: ‘… ಕೆರೆ ಪುನಶ್ಚೇತನ: ಸರ್ವೆ, ವಿನ್ಯಾಸ ಹಾಗೂ ಡಿಪಿಆರ್ ತಯಾರಿಗೆ ತಾಂತ್ರಿಕ ಸಮಾಲೋಚಕರ ಆಯ್ಕೆ’. ಕೆರೆಯ ಹೆಸರಿನ ಜತೆ ಗ್ರಾಮ, ಸರ್ವೆ ನಂಬರ್ ಇರಲಿ. ‘ದೊಡ್ಡಕೆರೆ’ ಎಂದಷ್ಟೇ ಬರೆದರೆ ಯಾವ ಊರಿನದೆಂದು ಹುಡುಕುವುದು?