ಎರಡು ವಾಚ್ ಬದಲಿಸಿದರೂ ಅಪ್ಪನ ಹೆಜ್ಜೆ ದಿನಕ್ಕೆ 200 ದಾಟುತ್ತಿಲ್ಲ, ಯಾಕೆ?

ಹಸಿರುಬಾಗಿಲು · ಮಂಗಳವಾರ, ರಾತ್ರಿ 10:20

ಮೂರು ವಾರದಿಂದ ಇದರಲ್ಲೇ ತಲೆ ಕೆಟ್ಟುಹೋಗಿದೆ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ಅಪ್ಪನಿಗೆ ಸಿಒಪಿಡಿ, ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ದಿನಕ್ಕೆ ಎಷ್ಟು ಓಡಾಡುತ್ತಾರೆ, ಒಂದು ವಾರದ ಲೆಕ್ಕ ತನ್ನಿ ಅಂತ ಫಿಸಿಯೋ ಹೇಳಿದ್ದಾರೆ. ಸ್ಟೆಪ್ ಎಣಿಸುವ ವಾಚ್ ತಂದು ಕಟ್ಟಿದೆ. ಭಾನುವಾರ 188, ನಿನ್ನೆ 140, ಇವತ್ತು 96. ವಾಚೇ ಕೆಟ್ಟಿದೆ ಅಂದುಕೊಂಡು ಬೇರೆ ಕಂಪನಿಯದು ಇನ್ನೊಂದು ತಂದೆ. ಅದೂ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ. ಅದೇ ವಾಚ್ ನಾನು ಕಟ್ಟಿಕೊಂಡರೆ ಲೆಕ್ಕ ಸರಿಯಾಗಿ ಬರುತ್ತದೆ!

ಅಪ್ಪ ಮಾತ್ರ "ದಿನಾ ನಡೀತಾನೇ ಇದ್ದೀನಲ್ಲ" ಅಂತಾರೆ. ಹಗಲು ನಾನು ಕೆಲಸಕ್ಕೆ ಹೋಗಿರುತ್ತೇನೆ, ನೋಡಿದವರಿಲ್ಲ. ನಿನ್ನೆ ರಾತ್ರಿ ಇದೇ ಮಾತಿಗೆ ಜಗಳ ಆಯಿತು. ನಾನು ದನಿ ಎತ್ತರಿಸಿದೆ. ಅವರು ಊಟ ಅರ್ಧಕ್ಕೆ ಬಿಟ್ಟು ಎದ್ದುಹೋದರು. ಮುಂದಿನ ಸೋಮವಾರ ಲೆಕ್ಕ ಕೊಡಬೇಕು. ಯಾವ ಸೆಟ್ಟಿಂಗ್ ಬದಲಿಸಬೇಕು ಹೇಳಿ.

ಗಡಿಯಾರಕಟ್ಟೆ · ರಾತ್ರಿ 10:34

ಯಾವ ಕೈಗೆ ಕಟ್ಟಿದ್ದೀರಿ? ಆ್ಯಪ್‌ನಲ್ಲಿ ಯಾವ ಕೈ ಅಂತ ಕೊಟ್ಟಿದ್ದೀರಿ? ಜಾಸ್ತಿ ಬಳಸುವ ಕೈ ಅಂತ ಕೊಟ್ಟರೆ ಕೆಲವು ವಾಚ್‌ಗಳು ಸಣ್ಣಪುಟ್ಟ ಅಲುಗಾಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಡಗೈಗೆ ಕಟ್ಟಿ. ಆ್ಯಪ್‌ನಲ್ಲೂ ಎಡ, ಬಳಸದ ಕೈ ಅಂತಲೇ ಕೊಡಿ. ನೂರಕ್ಕೆ ತೊಂಬತ್ತು ಸಲ ಇದೇ ಇರುತ್ತದೆ.

ಹಸಿರುಬಾಗಿಲು · ಬುಧವಾರ, ರಾತ್ರಿ 9:05

ಮಾಡಿದೆ. ಇವತ್ತು 104.

ಗಡಿಯಾರಕಟ್ಟೆ · ರಾತ್ರಿ 9:11

ಪಟ್ಟಿ ಸಡಿಲ ಇರಬಹುದು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ ಕಟ್ಟಿ. ಬ್ಯಾಟರಿ ಉಳಿತಾಯದ ಮೋಡ್ ಆನ್ ಇದ್ದರೆ ತೆಗೆಯಿರಿ. ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಒಮ್ಮೆ ಪೂರ್ತಿ ರೀಸೆಟ್ ಕೊಡಿ.

ನಿಧಾನನಡಿಗೆ · ರಾತ್ರಿ 9:48

ನಾನೂ ಸಿಒಪಿಡಿಯವನೇ, ಒಂಬತ್ತು ವರ್ಷ ಆಯಿತು. ಸೆಟ್ಟಿಂಗ್ ಆಮೇಲೆ ನೋಡೋಣ. ಅಪ್ಪ ಹೇಗೆ ನಡೆಯುತ್ತಾರೆ ಅಂತ ನೀವು ಹೇಳಲೇ ಇಲ್ಲವಲ್ಲ?

ಬಹಳಷ್ಟು ವಾಚ್‌ಗಳು ಮೊದಲ ಹೆಜ್ಜೆಗೇ ಎಣಿಸಲು ಶುರು ಮಾಡುವುದಿಲ್ಲ. ಒಂದೇ ಲಯದಲ್ಲಿ ಕೆಲವು ಹೆಜ್ಜೆ ಬರಲಿ ಅಂತ ಕಾಯುತ್ತವೆ. ಇಲ್ಲದಿದ್ದರೆ ಕೈ ಬೀಸಿ ಮಾತಾಡಿದ್ದೂ ನಡಿಗೆ ಅಂತ ಸೇರಿಬಿಡುತ್ತದೆ. ನಮ್ಮಂಥವರ ನಡಿಗೆ ಹಾಗಲ್ಲ. ಎಂಟು ಹೆಜ್ಜೆ, ನಿಲ್ಲು. ತುಟಿ ಕೂಡಿಸಿ ಉಸಿರು ಮೆಲ್ಲಗೆ ಬಿಡು. ಮತ್ತೆ ಆರು ಹೆಜ್ಜೆ. ವಾಚ್ ಇನ್ನೇನು ಎಣಿಸಬೇಕು ಅನ್ನುವಷ್ಟರಲ್ಲಿ ನಾವು ನಿಂತಿರುತ್ತೇವೆ.

ಗಂಟೆಗೆ 3 ಕಿಲೋಮೀಟರ್‌ಗಿಂತ ನಿಧಾನ ನಡೆದರೆ ಸೊಂಟಕ್ಕೆ ಸಿಕ್ಕಿಸುವ, ಹೆಜ್ಜೆ ಎಣಿಸುವ ಪೆಡೋಮೀಟರ್‌ಗಳೂ ತುಂಬಾ ಹೆಜ್ಜೆ ಬಿಡುತ್ತವೆ. ವಾಚ್ ಕೆಟ್ಟಿಲ್ಲ. ನಮ್ಮ ನಡಿಗೆ ಅದಕ್ಕೆ ಗೊತ್ತಾಗುತ್ತಿಲ್ಲ, ಅಷ್ಟೇ.

ಗಡಿಯಾರಕಟ್ಟೆ · ರಾತ್ರಿ 9:57

ಒಪ್ಪುವುದು ಕಷ್ಟ. ನಿಧಾನ ನಡೆದರೆ ಸ್ವಲ್ಪ ಕಡಿಮೆ ಬರಬಹುದು. ದಿನಪೂರ್ತಿ 96 ಅಂದರೆ? ಅದೂ ಬೇರೆ ಬೇರೆ ಕಂಪನಿಯ ಎರಡು ವಾಚ್ ಒಂದೇ ಮಾತು ಹೇಳುತ್ತಿವೆ. ಬೇಸರ ಮಾಡಿಕೊಳ್ಳಬೇಡಿ ಮೇಡಂ, ತಂದೆಯವರು ನಿಜಕ್ಕೂ ಕಡಿಮೆ ನಡೆಯುತ್ತಿರಬಹುದು. ಎಷ್ಟು ನಡೆದಿರಿ ಅಂತ ಕೇಳಿದರೆ ರೋಗಿಗಳು ಜಾಸ್ತಿಯೇ ಹೇಳುವುದು ಇದ್ದದ್ದೇ. ಅದಕ್ಕೇ ಅಲ್ವಾ ಸೆನ್ಸರ್ ಕಟ್ಟುವುದು?

ನಿಧಾನನಡಿಗೆ · ರಾತ್ರಿ 10:06

ಒಂದೇ ಕಿಟಕಿಯಿಂದ ಇಬ್ಬರು ನೋಡಿ "ಅಂಗಳದಲ್ಲಿ ಯಾರೂ ಇಲ್ಲ" ಅಂದರೆ ಅಂಗಳ ಖಾಲಿ ಅಂತ ಆಗುವುದಿಲ್ಲ ಸರ್. ಎರಡೂ ವಾಚ್ ನೋಡುತ್ತಿರುವುದು ಮಣಿಕಟ್ಟನ್ನೇ.

ಮೂರುಸಂಜೆ · ರಾತ್ರಿ 10:15

ಸ್ಟೆಪ್ ಬಿಟ್ಟು ಹಾರ್ಟ್‌ರೇಟ್ ನೋಡಬಹುದಲ್ಲ? ಎಷ್ಟು ಹೊತ್ತು ಬಡಿತ ಏರಿತ್ತು ಅಂತ ನೋಡಿದರೆ ಎಷ್ಟು ಓಡಾಡಿದರು ಅಂತ ಗೊತ್ತಾಗುತ್ತದೆ. ನಮ್ಮ ಅತ್ತೆಗೆ ನಾನು ಹಾಗೇ ಮಾಡುವುದು. ದಿನಕ್ಕೆ 10,000 ಹೆಜ್ಜೆ ಅವರಿಂದ ಹೇಗೂ ಆಗಲ್ಲ.

ಲೆಕ್ಕದಪುಟ · ರಾತ್ರಿ 10:40

ಮೂರುಸಂಜೆ ಅವರೇ, ಹಾರ್ಟ್‌ರೇಟ್ ನಂಬಬೇಡಿ. ಸಾಲ್ಬುಟಮಾಲ್ ಇನ್‌ಹೇಲರ್ ತೆಗೆದುಕೊಂಡರೆ ಕುರ್ಚಿಯಲ್ಲಿ ಕೂತಿದ್ದರೂ ಬಡಿತ ಏರಬಹುದು. ಹೃದಯಕ್ಕೆ ಬೀಟಾ ಬ್ಲಾಕರ್ (ಬಡಿತ ತಗ್ಗಿಸುವ ಔಷಧ) ತೆಗೆದುಕೊಳ್ಳುವವರಲ್ಲಿ ನಡೆದರೂ ಅಷ್ಟಾಗಿ ಏರುವುದಿಲ್ಲ.

ಇನ್ನು ಆ 10,000. ಅದು ಅಧ್ಯಯನ ಮಾಡಿ ಕಂಡುಹಿಡಿದ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನಲ್ಲಿ ಒಂದು ಪೆಡೋಮೀಟರ್ ಮಾರಾಟಕ್ಕೆ ಬಂತು. ಅದರ ಹೆಸರು ಮಾನ್‌ಪೊ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಅಳತೆಗಾರ. ಆ ಸಂಖ್ಯೆ ಅಲ್ಲಿಂದ ಹಬ್ಬಿದ್ದು. ಸಿಒಪಿಡಿ ಇರುವವರ ಮುಂದೆ ಅದನ್ನು ಇಡಲೇಬಾರದು.

ಮೂರುಸಂಜೆ · ರಾತ್ರಿ 10:52

ನಾನು ಆಗಲ್ಲ ಅಂತಲೇ ಬರೆದಿದ್ದು. ಓದಿ ಉತ್ತರ ಕೊಡಿ. ಅತ್ತೆ ಬೆಳಿಗ್ಗೆ ಬೇರೆ ಇನ್‌ಹೇಲರ್ ತೆಗೆದುಕೊಳ್ಳುತ್ತಾರೆ, ಸಾಲ್ಬುಟಮಾಲ್ ಅಲ್ಲ.

ಲೆಕ್ಕದಪುಟ · ರಾತ್ರಿ 10:58

ಕ್ಷಮಿಸಿ, ಅವಸರದಲ್ಲಿ ಓದಿದೆ. ಆದರೆ ದೀರ್ಘಕಾಲ ಕೆಲಸ ಮಾಡುವ ಕೆಲವು ಇನ್‌ಹೇಲರ್‌ಗಳಲ್ಲೂ ಅದೇ ಗುಂಪಿನ ಔಷಧ ಇರುತ್ತದೆ. ಡಬ್ಬಿ ಮೇಲಿನ ಹೆಸರು ಒಮ್ಮೆ ನೋಡಿ.

ಐದುಸೆನ್ಸರ್ · ಗುರುವಾರ, ಬೆಳಿಗ್ಗೆ 6:30

ನನ್ನದು ಇಲ್ಲೇ ಹೇಳಿಬಿಡುತ್ತೇನೆ. ಚಲನೆ ಹಿಡಿಯುವ ಸೆನ್ಸರ್ ಸೊಂಟಕ್ಕೆ ಒಂದು, ತೊಡೆಗೆ ಒಂದು, ಎರಡೂ ಕೈಗೆ ಒಂದೊಂದು, ಬಲಗಾಲಿಗೆ ಒಂದು. ಎಲ್ಲವೂ ಸೆಕೆಂಡಿಗೆ 30 ಸಲ ದಾಖಲಿಸುತ್ತವೆ. ರಾತ್ರಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಒಂದರ ಮೇಲೊಂದು ಗ್ರಾಫ್ ಇಟ್ಟು ನೋಡುತ್ತೇನೆ. ತೊಡೆಯದು ಕೂತದ್ದು, ನಿಂತದ್ದು ಬೇರೆ ಬೇರೆ ಮಾಡಿ ಹೇಳುತ್ತದೆ. ನೋಡಲು ಬಹಳ ಚೆನ್ನಾಗಿರುತ್ತದೆ, ಬೇಕಾದವರಿಗೆ ಗ್ರಾಫ್ ಹಾಕುತ್ತೇನೆ. ಸಂಶೋಧನೆಯವರು ಬಳಸುವ ಆ್ಯಕ್ಟಿಗ್ರಾಫ್ ಅನ್ನುವ ಚಲನೆ ಅಳೆಯುವ ಸಾಧನದಲ್ಲಿ ನಿಧಾನದ ಚಲನೆ ಹಿಡಿಯಲು ಬೇರೆಯೇ ಫಿಲ್ಟರ್ ಇದೆ. ಆದರೆ ಅದನ್ನು ಹಾಕಿದರೆ ಹೆಜ್ಜೆ ಅಲ್ಲದ್ದೂ ಹೆಜ್ಜೆಯಾಗಿ ಸೇರಬಹುದು.

ಗಡಿಯಾರಕಟ್ಟೆ · ಬೆಳಿಗ್ಗೆ 8:02

ಐದುಸೆನ್ಸರ್ ಅವರೇ, ಗ್ರಾಫ್ ಹಾಕಿ, ನೋಡುವ ಆಸೆ. ಹಸಿರುಬಾಗಿಲು ಮೇಡಂ, ರೀಸೆಟ್ ಆಯಿತಾ?

ಹಸಿರುಬಾಗಿಲು · ಬೆಳಿಗ್ಗೆ 8:20

ಆಯಿತು, ಅಪ್‌ಡೇಟೂ ಆಯಿತು, ಏನೂ ಬದಲಾಗಲಿಲ್ಲ. ನಿಧಾನನಡಿಗೆ ಅವರು ಕೇಳಿದ್ದಕ್ಕೆ: ಅಪ್ಪ ನಡೆಯುವುದು ಮನೆಯೊಳಗೇ. ಕೋಣೆಯಿಂದ ಮುಂಬಾಗಿಲಿಗೆ, ಅಲ್ಲಿಂದ ವಾಪಸ್. ಚಕ್ರದ ವಾಕರ್ ತಳ್ಳಿಕೊಂಡು ಹೋಗುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ನಿಧಾನನಡಿಗೆ · ಬೆಳಿಗ್ಗೆ 8:24

ಅಮ್ಮಾ, ಅದನ್ನು ಮೊದಲೇ ಹೇಳಬಾರದಾ!

ವಾಕರ್ ಹಿಡಿದ ಕೈ ಬೀಸುವುದೇ ಇಲ್ಲ. ಹಿಡಿಕೆಯ ಮೇಲೆ ಊರಿ ಹಾಗೇ ಜಾರಿಕೊಂಡು ಹೋಗುತ್ತದೆ. ಕೈಯ ವಾಚ್ ಎಣಿಸುವುದು ಆ ಬೀಸನ್ನು. ಮಕ್ಕಳ ಗಾಡಿ ತಳ್ಳುವವರಿಗೂ ಇದೇ ತೊಂದರೆ ಬರುತ್ತದೆ. ನಿಮ್ಮ ಅಪ್ಪನಿಗೆ ನಿಧಾನವೂ ಇದೆ, ನಿಂತು ನಿಂತು ಹೋಗುವುದೂ ಇದೆ, ವಾಕರ್ ಬೇರೆ. ಮೂರೂ ಸೇರಿದರೆ 96 ಬಂದದ್ದೇ ಹೆಚ್ಚು.

ಇವತ್ತು ಸಂಜೆ ಹೀಗೆ ಮಾಡಿ. ಒಂದು ವಾಚ್ ಕೈಯಲ್ಲೇ ಇರಲಿ. ಇನ್ನೊಂದನ್ನು ಕಾಲಿಗೆ, ಹಿಮ್ಮಡಿ ಗಂಟಿನ ಸ್ವಲ್ಪ ಮೇಲೆ, ಕಾಲುಚೀಲದ ಮೇಲಿಂದ ಕಟ್ಟಿ. ಎರಡರ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ನೀವು ಪಕ್ಕದಲ್ಲೇ ನಡೆಯುತ್ತಾ 100 ಹೆಜ್ಜೆ ಬಾಯಲ್ಲಿ ಎಣಿಸಿ. ಅವರು ಎಂದಿನ ಹಾಗೇ ನಡೆಯಲಿ, ನಿಲ್ಲಬೇಕು ಅನಿಸಿದಾಗ ನಿಲ್ಲಲಿ. ನಿಮಗೋಸ್ಕರ ಜೋರಾಗಿ ನಡೆದರೆ ಪರೀಕ್ಷೆ ಕೆಡುತ್ತದೆ.

ಲೆಕ್ಕದಪುಟ · ಬೆಳಿಗ್ಗೆ 9:15

ಕಾಲು ಊದಿಕೊಳ್ಳುತ್ತದೆಯಾ ನೋಡಿ ಮೊದಲು. ಸಿಒಪಿಡಿ ಬಲಿತವರಲ್ಲಿ ಕೆಲವರಿಗೆ ಪಾದದ ಹತ್ತಿರ ನೀರು ತುಂಬುತ್ತದೆ. ಊತ ಇದ್ದರೆ ಪಟ್ಟಿ ಬಿಗಿಯಬೇಡಿ. ಊತ ಹೊಸದಾಗಿ ಬಂದಿದ್ದರೆ ವಾಚ್ ವಿಷಯ ಪಕ್ಕಕ್ಕಿಟ್ಟು ಡಾಕ್ಟರಿಗೆ ಹೇಳಿ.

ಗಡಿಯಾರಕಟ್ಟೆ · ಬೆಳಿಗ್ಗೆ 9:40

ವಾಕರ್ ಇದೆ ಅಂದರೆ ನಾನು ಹೇಳಿದ್ದೆಲ್ಲ ವ್ಯರ್ಥ. ಆದರೆ ಕಾಲಿಗೆ ಕಟ್ಟಿದರೆ ಎಲ್ಲ ವಾಚೂ ಸರಿಯಾಗಿ ಎಣಿಸಲ್ಲ. ಕೆಲವಕ್ಕೆ ಮೈಗೆ ತಾಗಿಲ್ಲ ಅನಿಸಿದರೆ ಎಣಿಸುವುದನ್ನೇ ನಿಲ್ಲಿಸುತ್ತವೆ. ಎರಡು ವಾಚನ್ನೂ ಅದಲುಬದಲು ಮಾಡಿ ಕಟ್ಟಿ ನೋಡಿ.

ಹಸಿರುಬಾಗಿಲು · ಗುರುವಾರ, ರಾತ್ರಿ 9:30

ಊತ ಇಲ್ಲ. ಎರಡು ಸಲ ಮಾಡಿದೆವು.

ಮೊದಲನೇ ಸಲ ನಾನು ಎಣಿಸಿದ್ದು 100. ಕೈಯ ವಾಚ್ 7. ಕಾಲಿನದು 93. ಅದಲುಬದಲು ಮಾಡಿದಾಗ ಕೈಯದು 11. ಗಡಿಯಾರಕಟ್ಟೆ ಸರ್ ಹೇಳಿದ ಹಾಗೇ ಆಯಿತು, ಕಾಲಿನದು ಬರೀ 40. ಹಾಗಾಗಿ ಮೊದಲನೇ ವಾಚನ್ನೇ ಕಾಲಿಗೆ ಬಿಟ್ಟಿದ್ದೇನೆ.

ಇನ್ನೊಂದು ವಿಷಯ ಹೇಳಬೇಕು. ನಾನು ಪಕ್ಕದಲ್ಲಿ ಎಣಿಸುತ್ತಾ ಇದ್ದೆ. ಮುಂಬಾಗಿಲ ಹತ್ತಿರ ಬಂದಾಗ ಅಪ್ಪ ವಾಕರ್‌ಗೆ ಬ್ರೇಕ್ ಹಾಕಿ ನಿಂತರು. ತುಟಿ ಕೂಡಿಸಿ ಮೂರು ಸಲ ಉಸಿರು ಬಿಟ್ಟರು. ಆಮೇಲೆ ಜೇಬಿನಿಂದ ಒಂದು ಮೋಟು ಪೆನ್ಸಿಲ್ ತೆಗೆದು ಬಾಗಿಲ ಹಿಂದಿನ ಕ್ಯಾಲೆಂಡರಿನ ಮೇಲೆ ಒಂದು ಗೆರೆ ಎಳೆದರು. ನೋಡಿದರೆ ಎಲ್ಲ ತಾರೀಕಿನ ಚೌಕದಲ್ಲೂ ಗೆರೆಗಳಿವೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಒಂದು ಸುತ್ತಿಗೆ ಒಂದು ಗೆರೆ. ವಾಚ್ 96 ತೋರಿಸಿದ ಮಂಗಳವಾರ 19 ಗೆರೆ ಇವೆ.

ಟೇಪ್ ಹಿಡಿದು ಅಳೆದೆ. ಹೋಗಿಬರಲು 22 ಮೀಟರ್, ಅಪ್ಪನ ಹೆಜ್ಜೆಯಲ್ಲಿ ಸುಮಾರು 55. ಹತ್ತೊಂಬತ್ತು ಸುತ್ತು ಅಂದರೆ 1,045 ಹೆಜ್ಜೆ. ಆ ಮನುಷ್ಯನಿಗೆ ನಾನು ಸುಳ್ಳು ಹೇಳಬೇಡಿ ಅಂದಿದ್ದೆ.

ನಿಧಾನನಡಿಗೆ · ರಾತ್ರಿ 9:41

ಈಗಲೇ ಹೋಗಿ ಅವರ ಹತ್ತಿರ ಕೂತು ಮಾತಾಡಿ. ಇಲ್ಲಿ ಆಮೇಲೆ ಬರೆದರಾಯಿತು.

ಲೆಕ್ಕದಪುಟ · ಶುಕ್ರವಾರ, ಬೆಳಿಗ್ಗೆ 7:10

ಸೋಮವಾರದ ಲೆಕ್ಕದ ಬಗ್ಗೆ. ಕೈಯಲ್ಲಿದ್ದಾಗಿನ ಅಂಕಿಯನ್ನೂ ಕಾಲಿನ ಅಂಕಿಯನ್ನೂ ಒಂದೇ ಪಟ್ಟಿಗೆ ಹಾಕಬೇಡಿ. ಹಾಕಿದರೆ ಒಂದೇ ವಾರದಲ್ಲಿ ಹತ್ತು ಪಟ್ಟು ಸುಧಾರಿಸಿದ ಹಾಗೆ ಕಾಣುತ್ತದೆ. ಹಳೆಯದನ್ನು ಬಿಟ್ಟುಬಿಡಿ. ಇನ್ನು ಮುಂದೆ ಅದೇ ವಾಚ್, ಅದೇ ಕಾಲು, ಎದ್ದಾಗಿನಿಂದ ಮಲಗುವವರೆಗೆ. ಸಿಒಪಿಡಿ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 8 ಗಂಟೆ ಕಟ್ಟಿರಬೇಕು, ಅಂಥ 4 ದಿನವಾದರೂ ಇರಬೇಕು ಅಂತ ನೋಡುತ್ತಾರೆ. ಶುಕ್ರವಾರದಿಂದ ಭಾನುವಾರ ಅಂದರೆ ಮೂರೇ ಆಗುತ್ತದೆ. ಫಿಸಿಯೋಗೆ ಫೋನ್ ಮಾಡಿ ಒಂದೆರಡು ದಿನ ಮುಂದಕ್ಕೆ ಹಾಕಿಸಿಕೊಳ್ಳಿ.

ಒಂದು ದಿನ 900, ಮರುದಿನ 1,100 ಬಂದರೆ ಗಾಬರಿಯೂ ಬೇಡ, ಖುಷಿಯೂ ಬೇಡ. ವಾರದ ಸರಾಸರಿ ನೋಡಿ. ದಿನಕ್ಕೆ 600ರಿಂದ 1,100 ಹೆಜ್ಜೆಯಷ್ಟು ಏರಿದರೆ ರೋಗಿಗೆ ಅದು ನಿಜವಾದ ಬದಲಾವಣೆ ಅಂತ ಪರಿಗಣಿಸುತ್ತಾರೆ.

ಮೂರುಸಂಜೆ · ಬೆಳಿಗ್ಗೆ 7:45

ಅತ್ತೆಗೆ ಆಸ್ಪತ್ರೆಯಲ್ಲಿ ಆರು ನಿಮಿಷ ನಡೆಸಿ ದೂರ ಅಳೆದಿದ್ದಾರೆ. ಅಷ್ಟು ಸಾಕಲ್ವಾ? ಇಷ್ಟೆಲ್ಲ ಯಾಕೆ?

ಲೆಕ್ಕದಪುಟ · ಬೆಳಿಗ್ಗೆ 8:00

ಅದು ಬೇರೆ, ಇದು ಬೇರೆ. ಆರು ನಿಮಿಷದ ಪರೀಕ್ಷೆ ಹೇಳುವುದು ಎಷ್ಟು ನಡೆಯಬಲ್ಲರು ಅಂತ. ಮನೆಯಲ್ಲಿ ಎಷ್ಟು ನಡೆಯುತ್ತಾರೆ ಅಂತ ಅದು ಹೇಳಲ್ಲ. ಚೆನ್ನಾಗಿ ನಡೆಯಬಲ್ಲವರೂ ಉಸಿರಿಗೆ ಹೆದರಿ ಕೂತಿರುತ್ತಾರೆ. 2005ರಲ್ಲಿ ಬಂದ ಬೆಲ್ಜಿಯಂನ ಅಧ್ಯಯನದಲ್ಲಿ ಸಿಒಪಿಡಿ ಇದ್ದವರು ದಿನಕ್ಕೆ ಸರಾಸರಿ 44 ನಿಮಿಷ ನಡೆದಿದ್ದರು. ಅದೇ ವಯಸ್ಸಿನ ಆರೋಗ್ಯವಂತರು 81 ನಿಮಿಷ.

ನಿಧಾನನಡಿಗೆ · ಬೆಳಿಗ್ಗೆ 8:30

ಒಂದು ಮಾತು ಸೇರಿಸುತ್ತೇನೆ. ಹೆಜ್ಜೆ ಜೊತೆಗೆ ಅವತ್ತು ಎಷ್ಟು ಕಷ್ಟ ಆಯಿತು ಅಂತಲೂ ಬರೆಯಿರಿ. ನನಗೆ ಒಂದು ದಿನ 1,000 ಹೆಜ್ಜೆ ಸಲೀಸು. ಇನ್ನೊಂದು ದಿನ ಅದೇ 1,000ಕ್ಕೆ ಇಡೀ ಬೆಳಿಗ್ಗೆ ಹೋಗುತ್ತದೆ. ಪ್ರೊಆ್ಯಕ್ಟಿವ್ ಅಂತ ಸಿಒಪಿಡಿಗೇ ಮಾಡಿದ ಪ್ರಶ್ನಾವಳಿ ಇದೆ. ಅದರಲ್ಲಿ ಸೆನ್ಸರಿನ ಅಂಕಿಯನ್ನೂ ರೋಗಿಯ ಉತ್ತರವನ್ನೂ ಒಟ್ಟಿಗೆ ಸೇರಿಸುತ್ತಾರೆ. ಎಷ್ಟು ಮಾಡಿದಿರಿ, ಮಾಡಲು ಎಷ್ಟು ಕಷ್ಟವಾಯಿತು, ಎರಡನ್ನೂ ಕೇಳುತ್ತದೆ. ನಿಮ್ಮ ಫಿಸಿಯೋಗೆ ಆ ಹೆಸರು ಹೇಳಿ.

ಹಸಿರುಬಾಗಿಲು · ಶನಿವಾರ, ರಾತ್ರಿ 8:50

ಫಿಸಿಯೋ ಗುರುವಾರಕ್ಕೆ ಒಪ್ಪಿದರು. ನಿನ್ನೆ ಕಾಲಿನ ವಾಚ್ 1,212. ಇವತ್ತು 640, ಬೆಳಿಗ್ಗೆಯಿಂದ ಕಫ ಜಾಸ್ತಿ. ಇವತ್ತಿನ ಚೌಕದಲ್ಲಿ 9 ಗೆರೆ. ಪಕ್ಕದಲ್ಲಿ ಅಪ್ಪನೇ "ಉಸಿರು ಭಾರ" ಅಂತ ಬರೆದಿದ್ದಾರೆ. ರಾತ್ರಿ ವಾಚ್ ಬಿಚ್ಚುವಾಗ ಎಷ್ಟು ಬಂತು ಅಂತ ಅವರೇ ಕೇಳಿದರು. ಕ್ಯಾಲೆಂಡರ್ ಹಾಳೆಯನ್ನೂ ಜೊತೆಗೆ ತೆಗೆದುಕೊಂಡು ಹೋಗುತ್ತೇನೆ.

ಐದುಸೆನ್ಸರ್ · ರಾತ್ರಿ 9:20

ಗ್ರಾಫ್ ಹಾಕಿದ್ದೇನೆ. ಮೇಲಿನ ಗೆರೆ ಬಲಗಾಲು, ಕೆಳಗಿನದು ಎಡಗೈ. ನಾನೂ ಇವತ್ತು ಚಕ್ರದ ಕುರ್ಚಿಯೊಂದನ್ನು ತಳ್ಳಿಕೊಂಡು ನಡೆದು ನೋಡಿದೆ. ಅಷ್ಟು ಹೊತ್ತೂ ಕೈಯ ಗೆರೆ ಹೆಚ್ಚುಕಡಿಮೆ ನೆಲ ಹಿಡಿದು ಮಲಗಿದೆ.

ಹೊಸಗಾಳಿ · ಭಾನುವಾರ, ಬೆಳಿಗ್ಗೆ 11:05

ಇಡೀ ಚರ್ಚೆ ಓದಿದೆ. ನನ್ನ ತಾಯಿ ಆಕ್ಸಿಜನ್ ಮೇಲಿದ್ದಾರೆ, ನಡೆಯುವುದು ಕಡಿಮೆ. ಕೂತಲ್ಲೇ ಪೆಡಲ್ ತುಳಿಯುತ್ತಾರೆ, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು. ಕಾಲಿಗೆ ಕಟ್ಟಿದರೆ ಪೆಡಲ್ ತುಳಿದದ್ದೂ ಹೆಜ್ಜೆ ಅಂತ ಬರುತ್ತಿದೆ. ಅದನ್ನು ಬೇರೆ ಮಾಡಿ ಬರೆಯಬೇಕಾ, ಸೇರಿಸಿ ಕೊಡಬೇಕಾ?